ಡಬ್ಬಿಯ ಮೇಲಿನ ಹೆಸರು

ಹೋದ ವಾರ ಮೆಹರಕ್ಕನ ಫೋನ್ ಬಂತು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಮೆಹರುನ್ನೀಸಾ ಇಪ್ಪತ್ತು ವರ್ಷದಿಂದ ನನಗೆ ಮೆಹರಕ್ಕ. ಅವರು ಫೋನಿನಲ್ಲಿ ಕ್ಷೇಮ ಸಮಾಚಾರ ಕೇಳುತ್ತಾ ಕೂರುವವರಲ್ಲ.

“ಶೋಭಾ, ಟೀಚರಮ್ಮನಿಗೆ ಹಾಕಿದ ಮೇಲ್ ತಿರುಗಿ ಬತ್ತಾ ಐತೆ ಕಣಮ್ಮ. ಎಷ್ಟು ಸಲ ಹಾಕುದ್ರೂ ಅಷ್ಟೇಯ. ಆ ಹಳೇ ಕಾಯಿಲೆ ಮತ್ತೆ ಬಂದ್ಬುಡ್ತೋ ಏನೋ. ಒಸಿ ಬಂದು ನೋಡೋಗು.”

“ಮಗಳು ಮನೇಲೇ ಅವಳೆ ಅಲ್ವಾ ಅಕ್ಕ, ಅವಳಿಗೆ ತೋರ್ಸಿ.”

“ಅವಳು ಈ ವಿಳಾಸನೇ ಬ್ಯಾಡ, ಹೊಸಾದು ಮಾಡ್ಕೊ ಅಂತಾಳೆ. ನಂಗೆ ಸಮಾಧಾನ ಆಗಾಕಿಲ್ಲ. ನೀನು ಬಾ.”

ಕನಕಪುರದ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ವಾರವಿಡೀ ಇಂಥವೇ ದೂರು ಕೇಳಿ ಕೇಳಿ, ಭಾನುವಾರ ಮಾತ್ರ ಕಂಪ್ಯೂಟರಿನ ಮುಖ ನೋಡುವುದಿಲ್ಲ ಎಂದು ಹಟ ಹಿಡಿದವಳು ನಾನು. ಮೆಹರಕ್ಕ ಕರೆದರೆ ಆ ಹಟವೆಲ್ಲ ನಡೆಯುವುದಿಲ್ಲ. ಅವರೆಕಾಯಿಯ ಕಾಲ ಬೇರೆ. ಊರಿಂದ ಬಂದಿದ್ದ ಕಾಯಿಯನ್ನು ಬಿಡಿಸಿ, ಕಾಳನ್ನು ಒಂದು ಹಳೆಯ ಸ್ಟೀಲ್ ಡಬ್ಬಿಗೆ ತುಂಬಿಕೊಂಡು ಬಸ್ಸು ಹತ್ತಿದೆ.

ಹೊಸ ಹೆದ್ದಾರಿ ಊರಿನ ಹೊರಗೇ ಹಾದುಹೋದ ಮೇಲೆ ಚನ್ನಪಟ್ಟಣದ ಹಳೆಯ ರಸ್ತೆಯಲ್ಲಿ ನಿಲ್ಲುವ ಕಾರುಗಳು ಕಡಿಮೆಯಾಗಿವೆ. ಅಂಗಡಿಗಳ ಮುಂದೆ ಮರದ ಕುದುರೆಗಳು ಮಾತ್ರ ಸಾಲಾಗಿ ನಿಂತು ರಸ್ತೆ ನೋಡುತ್ತಿದ್ದವು. ಮೆಹರಕ್ಕನ ಬೀದಿಗೆ ತಿರುಗಿದ್ದೇ ತಡ, ಬಿಸಿ ಅರಗಿನ ವಾಸನೆ ಮೂಗಿಗೆ ಬಡಿಯಿತು. ಲೇಥಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಅದು ಕರಗಿ ಏಳುವ ವಾಸನೆ. ಅರ್ಧ ಸುಟ್ಟ ವಾಸನೆ, ಅರ್ಧ ಸಿಹಿ. ನನ್ನ ಕಾಲು ತಾನಾಗಿಯೇ ನಿಧಾನವಾಯಿತು. ಇದೇ ಬೀದಿಯಲ್ಲಿ ನಾನು ಕೆಲಸ ಮಾಡಿದ ಆ ಒಂದು ವರ್ಷ ಆ ವಾಸನೆಯ ಹಿಂದೆಯೇ ಬಂತು.

ಆಗಷ್ಟೇ ಡಿಪ್ಲೊಮಾ ಮುಗಿಸಿದ್ದೆ. ಮದುವೆ ಮಾಡಿ ಕೈ ತೊಳೆದುಕೊಳ್ಳೋಣ ಎಂದಿದ್ದ ಅಪ್ಪನನ್ನು “ಒಂದೇ ವರ್ಷ” ಎಂದು ಕಾಡಿ ಬೇಡಿ ಒಪ್ಪಿಸಿ ಹಿಡಿದ ಕೆಲಸ ಅದು. ನಮ್ಮೂರು ಮಾಗಡಿಯ ಹತ್ತಿರ, ರೈಲಿನ ಸದ್ದೇ ಕೇಳದ ಸೀಮೆ. ಬೆಳಿಗ್ಗೆ ಬಸ್ಸು ಹತ್ತಿ ರಾಮನಗರದಲ್ಲಿ ಇಳಿದು, ಅಲ್ಲಿ ಬೇಯುವ ರೇಷ್ಮೆಗೂಡಿನ ನಾತಕ್ಕೆ ಮೂಗು ಮುಚ್ಚಿಕೊಂಡು ಇನ್ನೊಂದು ಬಸ್ಸು ಹಿಡಿಯಬೇಕು. ನಾನು ಸೇರಿದ್ದು ಆಷಾಢದಲ್ಲಿ. ಗಾಳಿಗೆ ನನ್ನ ಕೊಡೆ ದಿನಾ ತಿರುವುಮುರುವಾಗುತ್ತಿತ್ತು. ಬಸ್ಸಿನಲ್ಲಿದ್ದವರು ಅದನ್ನು ನೋಡಲೆಂದೇ ಕಿಟಕಿ ಪಕ್ಕ ಕೂರುತ್ತಿದ್ದರು ಎಂದು ಇವತ್ತಿಗೂ ನನಗೆ ಅನುಮಾನ.

ಆ ಬೀದಿಯ ಬೊಂಬೆ ಮಾಡುವವರು ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಯಾರೋ ಪುಣ್ಯಾತ್ಮರು ಬೆಂಗಳೂರಿನಿಂದ ಬಂದು ಸಂಘಕ್ಕೊಂದು ಕಂಪ್ಯೂಟರ್ ಕೊಟ್ಟು, ಅದರಲ್ಲಿ ಮೇಲ್ ಸರ್ವರ್ ಕೂರಿಸಿ, ಇಂಟರ್‌ನೆಟ್ಟಿನಲ್ಲಿ ಸಂಘದ್ದೇ ಒಂದು ಹೆಸರನ್ನೂ ಕೊಡಿಸಿ, ಫೋಟೊ ತೆಗೆಸಿಕೊಂಡು ಹೋಗಿದ್ದರು. ಆಮೇಲೆ ಅವರ ಸುಳಿವಿಲ್ಲ. ಮೇಲ್ ಸರ್ವರ್ ಎಂದರೆ ಸಂಘದ ಸ್ವಂತ ಅಂಚೆ ಕಚೇರಿ ಎಂದುಕೊಳ್ಳಿ. ಬೀದಿಯ ಪ್ರತಿ ಮನೆಗೂ ಅದರಲ್ಲಿ ಒಂದೊಂದು ಪೆಟ್ಟಿಗೆ. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಬೇಕು, ಉತ್ತರ ಬಂದರೆ ಓದಿ ಹೇಳಬೇಕು. ನನ್ನ ಕೆಲಸ ಇಷ್ಟೇ.

ಸಂಘದ ಅಧ್ಯಕ್ಷರು ಅನ್ವರ್ ಸಾಬರು. ಬಿಳಿ ಗಡ್ಡ, ಮಡಿಕೆ ಕೆಡದ ಜುಬ್ಬ. ಕಂಪ್ಯೂಟರಿನಲ್ಲಿ ಎಲ್ಲದರ ಮೇಲೂ ಅಧಿಕಾರವಿರುವ ಒಂದು ಯಜಮಾನನ ಖಾತೆ ಇರುತ್ತದೆ, ಅದಕ್ಕೆ ‘ರೂಟ್’ ಎಂದು ಹೆಸರು. ಅದನ್ನು ಯಂತ್ರದ ರಿಪೇರಿಗೆ ಮಾತ್ರ ಬಳಸಬೇಕು, ಅದರಿಂದ ಯಾರೂ ಮೇಲ್ ಬರೆಯುವುದಿಲ್ಲ. ನಮ್ಮ ಅಧ್ಯಕ್ಷರು ಮಾತ್ರ ಬರೆಯುತ್ತಿದ್ದರು. ಯಜಮಾನನ ಖಾತೆ ಎಂದ ಮೇಲೆ ಅದು ಅಧ್ಯಕ್ಷರಿಗಲ್ಲದೆ ಇನ್ಯಾರಿಗೆ ಎಂದು ಬೀದಿಯೆಲ್ಲ ಸೇರಿ ತೀರ್ಮಾನ ಮಾಡಿತ್ತಂತೆ.

ಸಂಘದ ಕೋಣೆಗೆ ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವರು ಮೆಹರಕ್ಕ. ಗಂಡ ತೀರಿಹೋಗಿದ್ದರು, ಚಿಕ್ಕ ಮಗಳಿದ್ದಳು. ಆ ಬೀದಿಯಲ್ಲಿ ಹೆಂಗಸರು ಬಣ್ಣ ಹಚ್ಚುತ್ತಾರೆ, ತಾಳೆಗರಿಯಲ್ಲಿ ಹೊಳಪು ಕೊಡುತ್ತಾರೆ, ಪೆಟ್ಟಿಗೆ ಕಟ್ಟುತ್ತಾರೆ. ಲೇಥಿನ ಮುಂದೆ ಕೂರುವುದು ಗಂಡಸರು. ಮೆಹರಕ್ಕ ಗಂಡನ ಲೇಥಿಗೆ ತಾವೇ ಕೂತರು. ಹಾಲೆ ಮರದ ತುಂಡು ಅವರ ಕೈಯಲ್ಲಿ ಬೆಣ್ಣೆಯ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಯಾರೂ ಎದುರಿಗೆ ಬೇಡವೆನ್ನಲಿಲ್ಲ, ಆದರೆ ಕೆಲಸವನ್ನೂ ಕೊಡಲಿಲ್ಲ.

ಗಂಡನ ಅಣ್ಣ ರಿಯಾಜ್ ಭಾಯಿ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕ ಇಟ್ಟುಕೊಂಡಿದ್ದರು. ಕೆಟ್ಟ ಮನುಷ್ಯರಲ್ಲ. ತಮ್ಮನ ಹೆಂಡತಿ ಮಗುವನ್ನು ಕಟ್ಟಿಕೊಂಡು ಒಬ್ಬಳೇ ಇರುವುದು ಅವರನ್ನು ಕೊರೆಯುತ್ತಿತ್ತು. ಒಂದು ದಿನ ಸಂಘದ ಕೋಣೆಗೇ ಬಂದರು. ತಮ್ಮೊಳಗೆ ಉರ್ದು ಆಡುವವರು, ನಾನಿದ್ದೇನೆಂದು ಕನ್ನಡಕ್ಕೆ ತಿರುಗಿದರು.

“ಬಕ್ರೀದ್‌ವರೆಗೂ ನೋಡು ಮೆಹರು. ಅಷ್ಟರಾಗೆ ಕೈ ಹಿಡಿಯೋ ಕೆಲ್ಸ ಬಂತಾ, ಸರಿ. ಬರನಿಲ್ಲ ಅಂದ್ರೆ ಲೇಥು ಯಾರಿಗಾದ್ರೂ ಕೊಟ್ಟು ರಾಮನಗರಕ್ಕೆ ಬಂದ್ಬುಡು. ನಮ್ಮನೇಲಿ ನಿಂಗೆ ಜಾಗ ಇಲ್ವಾ?”

ಮೆಹರಕ್ಕ ಆಗಲಿ ಎಂದರು. ಹಾಗೆಂದ ಮೇಲೆ ನನ್ನ ಕಡೆ ತಿರುಗಿ, “ಟೀಚರಮ್ಮನಿಗೆ ಇವತ್ತೊಂದು ಬರೆಯಣ” ಎಂದರು.

ಟೀಚರಮ್ಮ ಎಂದರೆ ದೂರದ ದೇಶವೊಂದರಲ್ಲಿ ಕಣ್ಣು ಕಾಣದ ಮಕ್ಕಳ ಶಾಲೆ ನಡೆಸುತ್ತಿದ್ದವರು. ಆಗಲೇ ಅರವತ್ತು ದಾಟಿತ್ತಂತೆ. ನಾನು ಸೇರುವ ಮೊದಲು ಬೇಸಿಗೆಯಲ್ಲಿ ಆ ಬೀದಿಗೆ ಬಂದವರು ಮೆಹರಕ್ಕನ ಲೇಥಿನ ಪಕ್ಕ ನೆಲದ ಮೇಲೇ ಕೂತು, ಕಂಬಕ್ಕೆ ಒಂದರ ಮೇಲೊಂದು ಬಳೆ ಪೋಣಿಸುವ ಆಟಿಕೆಯನ್ನು ಕಣ್ಣು ಮುಚ್ಚಿ ಬೆರಳಲ್ಲಿ ತಡವಿ ನೋಡಿದ್ದರು. ಒಂದನ್ನು ತೆಗೆದುಕೊಂಡು, ಮಕ್ಕಳಿಗೆ ತೋರಿಸುತ್ತೇನೆ, ನೀವು ನನಗೆ ಮೇಲ್ ಮಾಡಿ, ನಾನು ಉತ್ತರ ಬರೆಯುತ್ತೇನೆ ಎಂದು ಹೇಳಿ ಹೋಗಿದ್ದರು. ಮೆಹರಕ್ಕ ಇಡೀ ವರ್ಷದ ಆಸೆಯನ್ನು ಆ ಒಂದು ಮಾತಿನ ಮೇಲೆ ಇಟ್ಟಿದ್ದರು.

ಶ್ರಾವಣವಿಡೀ ಬರೆದೆವು. ಮಕ್ಕಳಿಗೆ ಹಿಡಿಸಿತೇ ಎಂದು ಕೇಳಿದೆವು. ನಮ್ಮ ಬಣ್ಣ ಗಿಡಮೂಲಿಕೆಯದು, ಬಾಯಿಗಿಟ್ಟರೂ ತೊಂದರೆಯಿಲ್ಲ ಎಂದು ತಿಳಿಸಿದೆವು. ಉತ್ತರವಿಲ್ಲ. ಮಳೆ ಹಿಡಿದುಕೊಂಡಿತು, ಮರ ಒಣಗಲಿಲ್ಲ, ಬೀದಿಯ ಲೇಥುಗಳು ಅರ್ಧ ದಿನ ಸುಮ್ಮನಿರುತ್ತಿದ್ದವು. ಬೇರೆ ಮನೆಯವರು ಹೊರದೇಶದವರಿಗೆ ಬರೆದದ್ದಕ್ಕೂ ಉತ್ತರವಿರಲಿಲ್ಲ. ಯಂತ್ರವೇ ಕೆಟ್ಟಿದೆಯೋ ಎಂದು ನಾನು ರಾಗ ತೆಗೆದಾಗ ಅನ್ವರ್ ಸಾಬರು ಎಲ್ಲರೆದುರಿಗೆ ಪರೀಕ್ಷೆ ಮಾಡಿ ತೋರಿಸಿದರು. ಪಕ್ಕದಲ್ಲೇ ಸ್ಟೂಲಿನ ಮೇಲಿದ್ದ ಮೆಹರಕ್ಕನಿಗೆ ಒಂದು ಮೇಲ್ ಕಳಿಸಿದರು. ಬಂತು. ಮೆಹರಕ್ಕನಿಂದ ಉತ್ತರ ಬರೆಸಿದರು. ಅದೂ ಬಂತು.

“ನೋಡಮ್ಮ, ಮಿಷನ್ನು ಚಿನ್ನದಂಗೈತೆ. ಆ ಜನ ಮರ್ತುಬುಟ್ಟವ್ರೆ, ಅದಕ್ಕೆ ಮಿಷನ್ನೇನು ಮಾಡ್ತದೆ?”

ನನಗೂ ಹಾಗೇ ಅನ್ನಿಸಿತು. ಕಳಿಸಿದ್ದು ತಲುಪದಿದ್ದರೆ ತಿರುಗಿ ಬರಬೇಕಲ್ಲ, ಅದೂ ಬಂದಿರಲಿಲ್ಲ. ಮೆಹರಕ್ಕ ಹೇಳಿ ಬರೆಸುವ ಪತ್ರಗಳು ಬರಬರುತ್ತಾ ಗಿಡ್ಡವಾದವು. ರಂಜಾನ್ ಕಳೆದ ಮೇಲೆ ಒಂದು ದಿನ ಬಂದು ಕೂತು, “ಚೆನ್ನಾಗಿದ್ದೀರಾ ಅಂತ ಮಾತ್ರ ಕೇಳು. ಬೊಂಬೆ ಸುದ್ದಿ ಎತ್ತಬ್ಯಾಡ” ಎಂದರು. ಅವತ್ತು ನನಗೆ ಆ ಟೀಚರಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಸಾಲು ಬರೆಯಲು ಇವಳ ಗಂಟೇನು ಹೋಗುತ್ತಿತ್ತು ಎಂದು ಬಸ್ಸಿನಲ್ಲಿ ಬೈದುಕೊಂಡೇ ಮನೆಗೆ ಹೋದೆ.

ಚಳಿ ಬಿದ್ದ ಮೇಲೆ ಮೆಹರಕ್ಕ ಒಂದು ಮಧ್ಯಾಹ್ನ ನನಗೆ ಕುಷ್ಕಾ ಅನ್ನ ತಂದುಕೊಟ್ಟರು, ಒಂದು ಸ್ಟೀಲ್ ಡಬ್ಬಿಯಲ್ಲಿ. ಸಂಜೆ ಮನೆಗೆ ಒಯ್ದು ತೊಳೆಯುವಾಗ ನೋಡಿದರೆ ಮುಚ್ಚಳದ ಮೇಲೆ ‘ರಿಯಾಜ್, ರಾಮನಗರ’ ಎಂದು ಚುಕ್ಕೆ ಚುಕ್ಕೆಯಲ್ಲಿ ಕೆತ್ತಿದ್ದರು. ಓಹೋ, ಇದು ಭಾವನ ಮನೆಯಿಂದ ಬಂದ ಡಬ್ಬಿ, ನಾನು ಹೇಗೂ ದಿನಾ ಆ ಊರಲ್ಲೇ ಬಸ್ಸು ಬದಲಿಸುವವಳು, ಮೆಹರಕ್ಕನಿಗೆ ಹೊರುವ ಕೆಲಸ ತಪ್ಪಿಸೋಣ ಎಂದುಕೊಂಡೆ. ಡಬ್ಬಿಯನ್ನು ಬರಿದಾಗಿ ಕೊಡುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ಹೊಲದ ಅವರೆಕಾಳು ತುಂಬಿ, ಬಸ್‌ಸ್ಟ್ಯಾಂಡಿನ ಹಿಂದೆಯೇ ಇದ್ದ ರಿಯಾಜ್ ಭಾಯಿಯ ಘಟಕದಲ್ಲಿ ಕೊಟ್ಟು ಓಡಿ ಬಸ್ಸು ಹಿಡಿದೆ.

ಮೆಹರಕ್ಕನಿಗೆ ಹೇಳಲು ಮರೆತೇಹೋಯಿತು. ಸುಮಾರು ದಿನವಾದ ಮೇಲೆ ಅವರೇ ಎತ್ತಿದರು. “ಅಲ್ಲಾ ಕಣಮ್ಮ, ಡಬ್ಬಿ ಮನೇಲೇ ಮಡಿಕೊಂಡ್ಯಾ?”

“ಆಗಲೇ ಕೊಟ್ಟೆ ಅಕ್ಕ. ನಿಮ್ ಭಾವನ ಕೈಗೇ ಕೊಟ್ಟೆ, ಅವರೆಕಾಳು ಹಾಕಿ.”

ಮೆಹರಕ್ಕ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದರು. ಅಷ್ಟು ತಿಂಗಳಲ್ಲಿ ಅವರು ಮನಸಾರೆ ನಕ್ಕದ್ದು ಅದೇ ಮೊದಲು. “ಅದಕ್ಕೇ ನಮ್ ಓರಗಿತ್ತಿ ಫೋನ್ ಮಾಡಿ, ಅವರೆಕಾಳು ಕಳಿಸಿದ್ದೆಯಲ್ಲ, ಸಾರು ಚೆನ್ನಾಗಿತ್ತು ಅಂದ್ಲು. ನಾನು ಎಲ್ಲಿ ಕಳಿಸ್ದೆ ಅಂತ ತಲೆ ಕೆಡಿಸ್ಕೊಂಡೆ. ಆ ಡಬ್ಬಿ ನಂದೇ ಕಣೇ. ನಮ್ ಮದ್ವೇಲಿ ಮನೆಗೆ ತಂದ ಪಾತ್ರೆಗೆಲ್ಲಾ ದೊಡ್ಡೋರ ಹೆಸ್ರೇ ಹಾಕ್ಸಿದ್ದು. ಈ ಬೀದೀಲಿ ಯಾರೂ ಹೆಸ್ರು ನೋಡಿ ಕೊಡಾಕಿಲ್ಲ, ಡಬ್ಬಿ ಮುಖ ನೋಡಿ ಕೊಡ್ತಾರೆ. ನೀನು ಹೊರಗಿನೋಳು, ಹೆಸ್ರು ಓದಿ ಹಂಗೇ ನಡೆದ್ಬುಟ್ಟೆ.”

ನಾನೂ ನಕ್ಕೆ. ನಗುತ್ತಿದ್ದಂತೆಯೇ ಒಂದು ಯೋಚನೆ ಬಂತು. ಬೀದಿಯೊಳಗೆ ಡಬ್ಬಿ ಸರಿಯಾಗಿಯೇ ತಿರುಗುತ್ತಿತ್ತು. ಹೊರಗಿನವಳು ಹೆಸರು ಓದಿದಾಗ ಮಾತ್ರ ದಾರಿ ತಪ್ಪಿತು. ನಮ್ಮ ಮೇಲ್ ಮೇಲೆ ಯಾವ ಹೆಸರು ಕೆತ್ತಿದೆ?

ಆಗ ನನಗೊಂದು ಉಚಿತ ಮೇಲ್ ಖಾತೆ ಇತ್ತು, ರಾಮನಗರದ ಸೈಬರ್ ಕೆಫೆಯಲ್ಲಿ ಮಾಡಿಕೊಂಡದ್ದು. ಮೆಹರಕ್ಕನ ಪೆಟ್ಟಿಗೆಯಿಂದ ಅದಕ್ಕೊಂದು ಮೇಲ್ ಹಾಕಿ, ಸಂಜೆ ಹೋಗಿ ತೆರೆದೆ. ಮೇಲ್ ಬಂದಿತ್ತು. ಕಳಿಸಿದವರ ವಿಳಾಸ ನೋಡಿದೆ. ಮೆಹರುನ್ನೀಸಾ ಎಂಬುದೇನೋ ಇತ್ತು. ಅದರ ಮುಂದೆ ಸಂಘದ ಹೆಸರಿರಬೇಕಾದ ಕಡೆ ‘ಲೋಕಲ್‌ಹೋಸ್ಟ್’ ಎಂದಿತ್ತು. ಯಾವ ಕಂಪ್ಯೂಟರಾದರೂ ತನ್ನನ್ನು ತಾನು ಕರೆದುಕೊಳ್ಳುವುದು ಹಾಗೆ. ನಮ್ಮನೆ ಎಂದಂತೆ. ಯಾರಾದರೂ ನಿಮ್ಮ ವಿಳಾಸವೇನು ಎಂದು ಕೇಳಿದಾಗ ‘ನಮ್ಮನೆ’ ಎಂದರೆ ಅವರು ಎಲ್ಲಿಗೆ ಹೋಗಬೇಕು? ಉತ್ತರದ ಗುಂಡಿ ಒತ್ತಿ ಎರಡು ಸಾಲು ಬರೆದು ಕಳಿಸಿದೆ. ಅಂಥ ಊರೇ ಇಲ್ಲ ಎಂದು ಕ್ಷಣದಲ್ಲಿ ನನಗೇ ವಾಪಸ್ ಬಂತು. ನಮಗೆ ಬರೆದವರಿಗೆಲ್ಲ ಇದೇ ಆಗಿದೆ, ಪೆಟ್ಟು ಅವರಿಗೆ ಬಿದ್ದಿದೆ, ನಮಗೆ ಸದ್ದೂ ಕೇಳಿಲ್ಲ. ಕೆಫೆಯಲ್ಲಿ ಕೂತು ಅತ್ತುಬಿಟ್ಟೆ. ಪಕ್ಕದ ಕುರ್ಚಿಯವರು ಪರೀಕ್ಷೆಯ ಫಲಿತಾಂಶ ಇರಬೇಕೆಂದು ಸಮಾಧಾನ ಹೇಳಿದರು.

ಮರುದಿನ ಸರ್ವರಿನ ಕಡತ ಬಿಚ್ಚಿದೆ. ಹೊರಗೆ ಹೋಗುವಾಗ ಯಾವ ಹೆಸರು ಹೇಳಬೇಕು ಎಂಬ ಸಾಲು ಅಲ್ಲೇ ಇತ್ತು. ಸರ್ವರ್ ತಯಾರಿಸಿದವರೇ ಅದರ ಮುಂದೆ ಮೂರು ಅಕ್ಷರ ಹಾಕಿ, ಯಂತ್ರ ಓದದಂತೆ ಅದನ್ನು ನಿದ್ದೆ ಮಾಡಿಸಿದ್ದರು. ಬೆಂಗಳೂರಿನ ಪುಣ್ಯಾತ್ಮರು ಫೋಟೊದ ಅವಸರದಲ್ಲಿ ಅದನ್ನು ಎಬ್ಬಿಸಿರಲಿಲ್ಲ. ಆ ಅಕ್ಷರ ಅಳಿಸಿ, ಸಂಘದ ಹೆಸರು ಬರೆದು, ಸರ್ವರನ್ನು ಮತ್ತೆ ಚಾಲೂ ಮಾಡಿದೆ. ಮೆಹರಕ್ಕನನ್ನು ಕರೆಸಿ ಟೀಚರಮ್ಮನಿಗೆ ಹೊಸದಾಗಿ ಬರೆದೆವು. ಬೀದಿಯವರೆಲ್ಲ ತಮ್ಮ ತಮ್ಮವರಿಗೆ ಮತ್ತೆ ಬರೆಸಿದರು.

ಉತ್ತರಗಳು ಬರತೊಡಗಿದವು. ಆದರೆ ಅನ್ವರ್ ಸಾಬರಿಗೆ ಮಾತ್ರ ಒಂದೂ ಇಲ್ಲ. ಕಾರಣ ಹುಡುಕಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರ ವಿಳಾಸ ಬದಲಾದರೂ ‘ರೂಟ್’ ಎಂಬ ಯಜಮಾನನ ಖಾತೆಯನ್ನು ಮಾತ್ರ ಮುಟ್ಟಬಾರದು ಎಂದು ಸರ್ವರಿನಲ್ಲಿ ಮೊದಲೇ ಕಟ್ಟಳೆ ಇರುತ್ತದೆ. ಅಧ್ಯಕ್ಷರು ಆಚೆಯವರಿಗೆ ಇನ್ನೂ ‘ನಮ್ಮನೆ’ ಎಂದೇ ಹೇಳುತ್ತಿದ್ದರು. ಎಲ್ಲರ ಹಾಗೆ ಒಂದು ಸಾಧಾರಣ ಖಾತೆ ಮಾಡಿಕೊಳ್ಳಿ ಎಂದೆ.

“ಅಧ್ಯಕ್ಷನ್ನ ಇಳಿಸ್ಬುಟ್ಟೆ ಅನ್ನು” ಎಂದರು ಗಡ್ಡ ನೀವಿಕೊಳ್ಳುತ್ತಾ. ಆಮೇಲೆ, “ಬರೀ ಅನ್ವರ್ ಅಂತ ಹಾಕು. ನಮ್ಮಪ್ಪ ಇಟ್ಟ ಹೆಸ್ರು, ಸಾಕು” ಎಂದರು.

ಟೀಚರಮ್ಮನ ಉತ್ತರ ಬಂದ ದಿನ ಮೆಹರಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಬರಲಿಲ್ಲ. ಪ್ರೀತಿಯ ಮೆಹರುನ್ನೀಸಾ, ನೀವು ಬರೆದ ಪ್ರತಿ ಪತ್ರಕ್ಕೂ ನಾನು ಉತ್ತರ ಬರೆದೆ, ಪ್ರತಿಯೊಂದೂ ನನಗೇ ತಿರುಗಿ ಬಂತು, ಒಂದನ್ನೂ ಬಿಸಾಡಿಲ್ಲ, ಎಲ್ಲವನ್ನೂ ಕೆಳಗೆ ಹಾಕಿದ್ದೇನೆ ಎಂದಿತ್ತು. ಕೆಳಗೆ ಶ್ರಾವಣದಿಂದ ಹಿಡಿದು ಎಲ್ಲ ಪತ್ರಗಳೂ ಇದ್ದವು. ನಾನು ಸೈಬರ್ ಕೆಫೆಗೆ ಹೋಗಿಬರುವವರೆಗೂ ಬೈಯುತ್ತಿದ್ದ ಹೆಂಗಸು ನಮಗಾಗಿ ಅಷ್ಟು ಬರೆದಿದ್ದಳು. ಮೊದಲನೆಯದರಲ್ಲೇ ಒಂದು ಪ್ರಶ್ನೆಯಿತ್ತು. ಮಕ್ಕಳಿಗೆ ಆಟಿಕೆ ತುಂಬ ಇಷ್ಟ, ಆದರೆ ಬಣ್ಣ ಕಾಣದ ಮಕ್ಕಳಿಗೆ ಯಾವ ಬಳೆ ಯಾವುದೆಂದು ಬೆರಳಿಗೆ ತಿಳಿಯಬೇಕು, ಅಂಚಿನಲ್ಲಿ ಏನಾದರೂ ಗುರುತು ಮಾಡಲು ಆಗುತ್ತದೆಯೇ?

ಮೆಹರಕ್ಕ ಉತ್ತರ ಬರೆಸಲಿಲ್ಲ. “ಇದ್ನ ಆವಾಗ್ಲೇ ಕೇಳವ್ಳೆ ನೋಡು” ಎಂದು ಹೇಳಿ, ಹಾಗೇ ಮನೆಗೆ ನಡೆದರು. ಸ್ವಲ್ಪ ಹೊತ್ತಿಗೆ ಬೀದಿಯ ಆ ತುದಿಯಿಂದ ಲೇಥಿನ ಸದ್ದು ಕೇಳಿತು.

ಬಕ್ರೀದಿಗೆ ಮುಂಚೆ, ಮಾತಿನಂತೆ, ರಿಯಾಜ್ ಭಾಯಿ ಟೆಂಪೊ ತಂದರು. ಲೇಥು ಕೊಳ್ಳುವವನನ್ನೂ ಜೊತೆಗೆ ಕರೆತಂದಿದ್ದರು. ಮೆಹರಕ್ಕ ಏಳಲಿಲ್ಲ. ಮೈತುಂಬ ಮರದ ಹೊಟ್ಟು, ಮುಂದೆ ಬಳೆಗಳ ರಾಶಿ. ಒಂದಕ್ಕೆ ಒಂದು ಕಚ್ಚು, ಇನ್ನೊಂದಕ್ಕೆ ಎರಡು, ಹೀಗೆ. ಟೀಚರಮ್ಮ ಆ ವರ್ಷಕ್ಕೆ ಬೇರೆ ಕಡೆ ಆಟಿಕೆ ಕೊಂಡಾಗಿತ್ತು. ಮುಂದಿನ ವರ್ಷಕ್ಕೆ ಕೆಲವು ಮಾಡಿ ಕಳಿಸಿ, ನೋಡೋಣ ಎಂದಿದ್ದರು, ಅಷ್ಟೇ. ಕೈ ಹಿಡಿಯುವ ಕೆಲಸ ಎಂದು ಅದನ್ನು ಯಾರೂ ಕರೆಯಲಾರರು. ಮೆಹರಕ್ಕನಿಗೂ ಅದು ಗೊತ್ತಿತ್ತು.

“ಶೋಭಾ, ಆ ಕಾಗದ ಎಲ್ಲಾ ಭಾಯಿಗೆ ಓದಿ ಹೇಳು” ಎಂದರು, ಕೈ ನಿಲ್ಲಿಸದೆ.

ನಾನು ಸಂಘದ ಕೋಣೆಯಿಂದ ಪ್ರಿಂಟು ತಂದು ಓದಿದೆ. ರಿಯಾಜ್ ಭಾಯಿ ಮೆಟ್ಟಿಲ ಮೇಲೆ ಕೂತು ಕೇಳಿದರು. ಎಲ್ಲ ಮುಗಿದ ಮೇಲೆ, “ಇದೆಲ್ಲಾ ಸಂಘಕ್ಕೆ ಬಂದದ್ದಾ?” ಎಂದರು.

“ಇಲ್ಲ ಭಾಯಿ, ಅಕ್ಕನ ಹೆಸರಿಗೇ.”

“ವಾಪಸ್ ಬಂದ್ರೂ ಬರೀತಾನೇ ಇದ್ಲಾ ಆಯಮ್ಮ?”

“ಹೂಂ.”

ಅವರು ಒಂದು ಬಳೆ ಎತ್ತಿಕೊಂಡರು. ಕಣ್ಣು ಮುಚ್ಚಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಕೊಳ್ಳಲು ಬಂದವನಿಗೆ ಉರ್ದುವಿನಲ್ಲಿ ಏನೋ ಹೇಳಿ ಕಳಿಸಿದರು. “ಟೆಂಪೊ ಬಾಡಿಗೆ ದಂಡ ಆಯ್ತಲ್ಲ ಮೆಹರು” ಎಂದರು ಆಮೇಲೆ, ಸಿಡುಕುತ್ತಿದ್ದಂತೆ ನಟಿಸುತ್ತಾ.

“ಬರಿದಾಗಿ ಯಾಕೆ ಹೋಗ್ಬೇಕು? ಹೊಟ್ಟು ತುಂಬ್ಕೊಂಡೋಗಿ ಭಾಯಿ, ನಿಮ್ ಒಲೆಗಾಯ್ತದೆ” ಎಂದರು ಮೆಹರಕ್ಕ.

ನಾವೆಲ್ಲ ಸೇರಿ ಮರದ ಹೊಟ್ಟನ್ನು ಚೀಲಗಳಿಗೆ ತುಂಬಿ ಟೆಂಪೊಗೆ ಹಾಕಿದೆವು. ರೇಷ್ಮೆಗೂಡು ಬೇಯಿಸಲು ಅದು ಚೆನ್ನಾಗಿ ಉರಿಯುತ್ತದಂತೆ. ಅಂದಿನಿಂದ ಮೆಹರಕ್ಕನ ಹೊಟ್ಟು ರಾಮನಗರಕ್ಕೆ ಹೋಗುವುದು ವಾಡಿಕೆಯಾಯಿತು. ಲೇಥು ಅಲ್ಲೇ ಉಳಿಯಿತು, ಟೀಚರಮ್ಮನ ಪತ್ರಗಳೂ ನಿಲ್ಲಲಿಲ್ಲ.

ವರ್ಷ ತುಂಬಿ ನಾನು ಕೆಲಸ ಬಿಟ್ಟ ದಿನ ಮೆಹರಕ್ಕ ಮತ್ತೆ ಕುಷ್ಕಾ ಕೊಟ್ಟರು. ಡಬ್ಬಿ ಹೊಸದು. ಮುಚ್ಚಳದ ಮೇಲೆ ‘ಮೆಹರುನ್ನೀಸಾ, ಚನ್ನಪಟ್ಟಣ’ ಎಂದಿತ್ತು. ಕೆತ್ತಿಸಿಕೊಟ್ಟವರು ರಿಯಾಜ್ ಭಾಯಿ. ಅವತ್ತಿನಿಂದ ಆ ಡಬ್ಬಿ ನಮ್ಮಿಬ್ಬರ ನಡುವೆ ಓಡಾಡುತ್ತಲೇ ಇದೆ. ನನ್ನ ಮದುವೆಗೂ ಬಂದಿತ್ತು, ಬಾಣಂತನಕ್ಕೂ ಬಂದಿತ್ತು.

ಈಗ ಅದನ್ನೇ ಹಿಡಿದು ಅವರ ಬಾಗಿಲಲ್ಲಿ ನಿಂತೆ. ಲೇಥಿನ ಮುಂದಿನಿಂದ ಎದ್ದು ಬಂದ ಮೆಹರಕ್ಕ ಕನ್ನಡಕ ಹಣೆಗೇರಿಸಿ, ಡಬ್ಬಿ ಇಸಿದುಕೊಂಡು, ಫೋನನ್ನು ನನ್ನ ಕೈಗಿಟ್ಟರು. ಹಳೆಯ ಸರ್ವರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ವಿಳಾಸ ಮಾತ್ರ ಅದೇ. ಅವರ ಫೋನಿನಿಂದ ನನಗೊಂದು ಮೇಲ್ ಹಾಕಿದೆ. ಬಂತು. ಉತ್ತರ ಬರೆದೆ. ಅವರ ಫೋನು ಟಿಣ್ ಎಂದಿತು. ಆಮೇಲೆ ಟೀಚರಮ್ಮನಿಂದ ತಿರುಗಿ ಬಂದದ್ದನ್ನು ಓದಿದೆ. ಒಮ್ಮೆ ಓದಿದರೆ ಸಾಕಾಗಿತ್ತು, ಮತ್ತೆ ಓದಿದೆ.

“ನಮ್ ಕಡೆ ಎಲ್ಲಾ ಸರಿಯಾಗೈತೆ ಅಕ್ಕ” ಎಂದೆ. “ಆ ಕಡೆ ಪೆಟ್ಟಿಗೆ ಮುಚ್ಚವ್ರೆ. ಆ ವಿಳಾಸದಲ್ಲಿ ಈಗ ಯಾರೂ ಇಲ್ಲ ಅಂತ ಬಂದೈತೆ.”

ಅವರು ಅವರೆಕಾಳನ್ನು ಮೊರಕ್ಕೆ ಸುರಿದು ಬೆರಳಾಡಿಸುತ್ತಾ ಕೂತರು. ಟೀಚರಮ್ಮನ ವಯಸ್ಸಿನ ಲೆಕ್ಕ ಇಬ್ಬರ ತಲೆಯಲ್ಲೂ ಓಡುತ್ತಿತ್ತು.

“ಆವಾಗ ನಮಗೆ ಉತ್ತರನೂ ಬತ್ತಿರಲಿಲ್ಲ, ವಾಪಸ್ಸೂ ಬತ್ತಿರಲಿಲ್ಲ ಅಲ್ವಾ?”

“ಇಲ್ಲ ಅಕ್ಕ. ಆವಾಗ ಏನೂ ಬತ್ತಿರಲಿಲ್ಲ.”

“ಈಗ ಬಂತು.”

“ಹೂಂ, ಬಂತು. ನಿಮ್ ಹೆಸರಿಗೆ, ಸರಿಯಾಗಿ.”

ಮೆಹರಕ್ಕ ಎದ್ದು ಡಬ್ಬಿ ತೊಳೆದು, ಒಳಗಿನಿಂದ ಏನೋ ತುಂಬಿ ತಂದು ನನ್ನ ಪಕ್ಕದಲ್ಲಿಟ್ಟರು. ಮುಚ್ಚಳದ ಮೇಲಿನ ಚುಕ್ಕೆಗಳು ಸವೆದಿದ್ದರೂ ಹೆಸರು ಓದಬಹುದಿತ್ತು. ಅವರು ಕನ್ನಡಕ ಕೆಳಗಿಳಿಸಿ ಲೇಥಿನ ಮುಂದೆ ಕೂತು ಸ್ವಿಚ್ಚಿಗೆ ಕೈ ಹಾಕಿದವರು, ಹಾಕುವ ಮೊದಲು ನನ್ನ ಕಡೆ ತಿರುಗಿದರು.

“ಮಗಳಿಗೆ ಒಂದು ಮಾತು ಹೇಳೋಗು ಶೋಭಾ. ಈ ವಿಳಾಸ ತೆಗೆಯಾದು ಬ್ಯಾಡ. ಆಯಮ್ಮ ಎಲ್ಲಿಂದನಾದ್ರೂ ಬರೆದ್ರೆ ನಾನು ಸಿಗ್ಬೇಕು.”